ಕ್ಯಾಪ್ಟನ್ ಕಿಯೋ ಬಿಟ್ಟುಹೋದ ವಸ್ತುಗಳು

ದೇಶಾಂತರ ಹೋದವನ ಗಂಟನ್ನು ಬಿಚ್ಚಿ ನೋಡಿದರೆ ಅವನ ಅರ್ಧ ಚರಿತ್ರೆ ತಿಳಿಯುತ್ತದೆ. ಊರು ಬಿಟ್ಟು ಇಲ್ಲಿ ನೆಲೆಸಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಲದ ಪಾಠಕ್ಕೆ ನಾವು ಅಮೆರಿಕದ ಗಡಿನಾಡಿನ ಕುದುರೆದಂಡಿನ ಒಬ್ಬ ಐರಿಷ್ ಯೋಧನನ್ನು ಆರಿಸಿಕೊಂಡಿದ್ದೇವೆ.

ಮೈಲ್ಸ್ ಕಿಯೋ ಹುಟ್ಟಿದ್ದು 1840ರಲ್ಲಿ, ಐರ್ಲೆಂಡಿನ ಕಾರ್ಲೋ ಪ್ರಾಂತದಲ್ಲಿ. 1860ರಲ್ಲಿ ಪೋಪರ ಸೈನ್ಯವನ್ನು ಸೇರಿ ಇಟಲಿಯಲ್ಲಿ ಕಾದಿ ಪದಕ ಪಡೆದನು. 1862ರಲ್ಲಿ ಅಮೆರಿಕಕ್ಕೆ ಬಂದು, ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷ ವಹಿಸಿ, ಆಮೇಲೆ ಏಳನೆಯ ಕುದುರೆದಂಡಿನಲ್ಲಿ ಕ್ಯಾಪ್ಟನ್ ಆದನು. ಆ ದಂಡಿನಲ್ಲಿ ಹೊರನಾಡುಗಳಲ್ಲಿ ಹುಟ್ಟಿದವರು ಬಹಳ ಮಂದಿ. ಅವರಲ್ಲಿ ಐರಿಷರೂ ಜರ್ಮನರೂ ಹೆಚ್ಚು.

1876ರ ಜೂನ್ 25ರಂದು ಈ ದಂಡು ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್ ನದಿಯ ದಡದಲ್ಲಿದ್ದ ಲಕೋಟ ಮತ್ತು ಷೈಯೆನ್ ಜನರ ಬೀಡಿನ ಮೇಲೆ ಏರಿಹೋಯಿತು. ದಂಡನಾಯಕ ಕಸ್ಟರನೂ ಅವನೊಡನಿದ್ದ ಸುಮಾರು 210 ಮಂದಿಯೂ ಸತ್ತರು; ಕಿಯೋ ಅವರಲ್ಲೊಬ್ಬ. ಹೂಳಲು ಬಂದವರು ಕಂಡದ್ದು ಬಟ್ಟೆ ಸುಲಿದ ಹೆಣಗಳನ್ನು. ಕಿಯೋನ ಕೊರಳಲ್ಲಿ ಮಾತ್ರ ಕಥೋಲಿಕ ಪದಕವೊಂದು ಹಾಗೆಯೇ ಇದ್ದಿತು. ವೈರಿಯ ದೇವರಿಗೆ ಅಂಜಿ ಅದನ್ನು ಬಿಟ್ಟರೆಂದು ಕೆಲವರ ಊಹೆ. ಊಹೆಯ ಮೇಲೆ ನಾವು ಗೋಡೆ ಕಟ್ಟುವುದಿಲ್ಲ.

ಅವನ ಕುದುರೆ ಕೊಮಾಂಚಿ ಗಾಯಗೊಂಡು ನಿಂತಿದ್ದುದು ಎರಡು ದಿನಗಳ ಬಳಿಕ ಸಿಕ್ಕಿತು. ಅದನ್ನು ಉಪಚರಿಸಿ ಬದುಕಿಸಿದರು. ಯಾರೂ ಅದರ ಮೇಲೆ ಹತ್ತಕೂಡದೆಂದು 1878ರಲ್ಲಿ ಆಜ್ಞೆಯಾಯಿತು! 1891ರಲ್ಲಿ ಅದು ಸತ್ತಿತು. ಅದರ ಚರ್ಮವನ್ನು ಹೊದಿಸಿ ನಿಲ್ಲಿಸಿದ ರೂಪ ಇಂದಿಗೂ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿದೆ.

1876ರ ಸೆಪ್ಟೆಂಬರಿನಲ್ಲಿ ಡಕೋಟಾದ ಸ್ಲಿಮ್ ಬ್ಯೂಟ್ಸ್ ಎಂಬಲ್ಲಿ ಸೈನ್ಯವು ಲಕೋಟರ ಒಂದು ಹಳ್ಳಿಯನ್ನು ಮುತ್ತಿತು. ಅಲ್ಲಿ ಕಿಯೋನ ಕಂಪೆನಿಯ ಬಾವುಟವೂ ಅವನ ಹೆಸರು ಬರೆದ ಕೈಗವಸುಗಳೂ ದೊರೆತುವು. ಈ ಕಥೆ ಹೇಳುವವರು ಕೈಗವಸಿನೊಡನೆ ನಿಂತುಬಿಡುತ್ತಾರೆ. ಅದೇ ದಿನ ಆ ಹಳ್ಳಿಯ ಡೇರೆಗಳೂ ಸರಂಜಾಮೂ ನಾಶವಾದುದನ್ನು ಓದುಗರು ಮರೆಯಬಾರದು. ಚಳಿಗಾಲ ಹತ್ತಿರವಾಗಿತ್ತು, ಅದು ಆ ಮನೆಗಳವರ ಗಂಟು.

1877ರಲ್ಲಿ ಕಿಯೋನ ಅಸ್ಥಿಗಳನ್ನು ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಊರಿಗೆ ಒಯ್ದು ಹೂಳಿದರು. ಸಾಮಾನ್ಯ ಸಿಪಾಯಿಗಳು ರಣಭೂಮಿಯಲ್ಲೇ ಉಳಿದರು. 1881ರಲ್ಲಿ ಅವರ ಎಲುಬುಗಳನ್ನು ಒಟ್ಟುಗೂಡಿಸಿ ಒಂದೇ ಕಡೆ ಹೂಳಿ ಕಲ್ಲುಸ್ಮಾರಕವನ್ನು ನಿಲ್ಲಿಸಿದರು. ಹೆಸರುಗಳು ಕಲ್ಲಿನ ಮೇಲಿವೆ, ಯಾವ ಎಲುಬು ಯಾರದೆಂಬುದಿಲ್ಲ. 1983ರಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮರುವರ್ಷ ಅಗೆದಾಗ ಅಂಗಿಯ ಗುಂಡಿಗಳು, ಬೂಟಿನ ಮೊಳೆಗಳು, ಒಂದು ಬೆರಳೆಲುಬು ಸಿಕ್ಕಿದುವು. ಬೆರಳಿನಲ್ಲಿ ಉಂಗುರವಿತ್ತು.