ತರಗತಿಯ ವಾಟ್ಸಾಪ್ ಬಳಗ: ಮಾತಿನ ಸೌಜನ್ಯ, ಮಕ್ಕಳ ಸುರಕ್ಷತೆ

2020ರ ಮಾರ್ಚ್‌ನಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಗಳು ವಾಟ್ಸಾಪ್ ಬಳಗಗಳನ್ನು ಸೇರಿದವು. ಶಾಲೆಗಳು ತೆರೆದ ಬಳಿಕವೂ ಬಳಗಗಳು ಉಳಿದವು. ತಾಳವಾಡಿ ಬೆಟ್ಟಸೀಮೆಯಲ್ಲಿ ಮನೆಗೆ ಒಂದೇ ಫೋನು ಇರುವ ಕಡೆ ತಂದೆಯ ಸಂಖ್ಯೆಯಿಂದ ಮಗು ಬರೆಯುತ್ತದೆ. ಅದನ್ನು ಸಹಪಾಠಿಯ ಅಣ್ಣನೋ ಚಿಕ್ಕಮ್ಮನೋ ಓದುತ್ತಾರೆ. ಆದುದರಿಂದ ಸಂದೇಶದ ಕೊನೆಯಲ್ಲಿ ತನ್ನ ಹೆಸರನ್ನು ಬರೆಯುವ ರೂಢಿಯನ್ನು ಮೊದಲು ಕಲಿಸಬೇಕು.

ಕರಿಹಲಗೆಯ ಮೇಲೆ ‘ಆಯ್ತು ಬಿಡು’ ಎಂದು ಬರೆದು ಮೂವರು ಮಕ್ಕಳಿಂದ ಓದಿಸಬಹುದು: ಒಬ್ಬರು ಸಮಾಧಾನದಿಂದ, ಒಬ್ಬರು ಕೋಪದಿಂದ, ಒಬ್ಬರು ಅಣಕದಿಂದ. ಬಾಯಿಮಾತಿನಲ್ಲಿ ಸ್ವರವೇ ಅರ್ಥವನ್ನು ಹೇಳುತ್ತದೆ. ಫೋನಿನ ಪರದೆಯಲ್ಲಿ ಸ್ವರವಿಲ್ಲ. ಸಾಂತ್ವನವೆಂದು ಬರೆದದ್ದು ತಿರಸ್ಕಾರವಾಗಿ ತಲುಪುವುದು ಹೀಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದರೆ ತೊಡಕು ಇಮ್ಮಡಿಯಾಗುತ್ತದೆ. ಲ-ಳ ಭೇದ ಅಳಿದು ‘ಹಳ್ಳಿ ಹುಡುಗ’ನು ‘ಹಲ್ಲಿ ಹುಡುಗ’ನಾಗುತ್ತಾನೆ, ನಗೆಯಿಂದ ಆರಂಭವಾದದ್ದು ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಕನ್ನಡ ಕೀಲಿಮಣೆಯನ್ನು ಬಳಸಲು ಕಲಿಸುವುದು ಭಾಷಾಪಾಠವೂ ಹೌದು, ಸೌಜನ್ಯದ ಪಾಠವೂ ಹೌದು. ತಮಿಳಿನಲ್ಲಿ ತಪ್ಪಿದ ಮಗುವನ್ನಾಗಲಿ, ಬೆಟ್ಟದ ಮೇಲಿನ ಊರಿನ ಮಾತಿನ ಧಾಟಿಯನ್ನಾಗಲಿ ಬಳಗದಲ್ಲಿ ಗೇಲಿಮಾಡುವುದನ್ನು ಶಿಕ್ಷಕರು ಹುಡುಗಾಟವೆಂದು ಕಡೆಗಣಿಸಬಾರದು. ಗೇಲಿಗೊಳಗಾದ ಮಗು ಮರುದಿನ ತರಗತಿಯಲ್ಲಿಯೂ ಬಾಯಿ ತೆರೆಯದು.

ವದಂತಿಯ ವಿಷಯ ಇದಕ್ಕಿಂತ ಗಂಭೀರ. 2018ರ ಮೇ ತಿಂಗಳಲ್ಲಿ ತಿರುವಣ್ಣಾಮಲೈ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ವೃದ್ಧೆಯೊಬ್ಬರನ್ನು ಮಕ್ಕಳ ಕಳ್ಳಿಯೆಂದು ಶಂಕಿಸಿ ಜನರು ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ಅಂಥದೇ ಶಂಕೆ ವಾಟ್ಸಾಪ್‌ನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರರೊಬ್ಬರು ಪ್ರಾಣ ಕಳೆದುಕೊಂಡರು. ಕಾಡಂಚಿನ ನಾಡಿನಲ್ಲಿ ಚಿರತೆ, ಆನೆಗಳ ವಿಡಿಯೊಗಳೂ ಬೇಗ ಹರಡುತ್ತವೆ. ಯಾವಾಗ, ಎಲ್ಲಿ ತೆಗೆದದ್ದು, ಕಳುಹಿಸಿದವರು ಕಣ್ಣಾರೆ ಕಂಡರೇ ಎಂಬ ಪ್ರಶ್ನೆಗಳನ್ನು ಮಕ್ಕಳೇ ಕೇಳುವಂತೆ ಅಭ್ಯಾಸ ಮಾಡಿಸಬೇಕು.

ಅಪರಿಚಿತ ಸಂಖ್ಯೆ ಚಿತ್ರವನ್ನು ಕೇಳಿದರೆ ಉತ್ತರಿಸದೆ ಹಿರಿಯರಿಗೆ ತೋರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ತೋರಿಸಿದ ಮಗುವಿನ ಕೈಯಿಂದಲೇ ಫೋನನ್ನು ಕಸಿದುಕೊಂಡರೆ ಅದು ಮತ್ತೊಮ್ಮೆ ತೋರಿಸುವುದಿಲ್ಲ. ಈ ಮಾತನ್ನು ಪೋಷಕರ ಸಭೆಯಲ್ಲಿ ಆಡಬೇಕು. ನಿಂದನೆಯ ಸಂದೇಶವನ್ನು ಅಳಿಸುವ ಮೊದಲು ದಿನಾಂಕ ಸಹಿತ ಪರದೆಯ ಚಿತ್ರ ತೆಗೆದಿರಿಸುವುದು ಒಳಿತು. ಆದರೆ ಮಗುವಿನ ಅಶ್ಲೀಲ ಚಿತ್ರವನ್ನು ಸಾಕ್ಷ್ಯಕ್ಕೆಂದು ಸಹ ಶಿಕ್ಷಕರ ಬಳಗಕ್ಕೆ ಕಳುಹಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಂತೆ ಅಂಥ ಚಿತ್ರಗಳ ರವಾನೆ ಅಪರಾಧ. ಲೈಂಗಿಕ ಕಿರುಕುಳ ತಿಳಿದುಬಂದಾಗ ಪೊಲೀಸರಿಗೆ ವರದಿ ಮಾಡುವುದು 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098ನ್ನು ತರಗತಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆದಿಡತಕ್ಕದ್ದು.