ತಿರುಗುಮಣೆಗೆ ಯಾವ ಬೇರಿಂಗ್?

ನಮ್ಮಪ್ಪ ಬಡಗಿ. ನವುಲೆಯಲ್ಲಿ ನಮ್ಮ ಮನೆ ಹಿಂದಿನ ಚಪ್ಪರವೇ ಅವರ ಕಾರ್ಖಾನೆ. ಬಲಗೈ ಮುರಿದು ಕೂಡಿದ ಮೇಲೆ ಕೈವಾರ ಹಿಡಿದು ದುಂಡಗೆ ಗೆರೆ ಎಳೆಯಲು ಅವರಿಗೆ ಆಗುವುದಿಲ್ಲ. ಸೂಜಿ ಒಂದೇ ಕಡೆ ನಿಲ್ಲಲಿ, ಹಲಗೆಯೇ ತಿರುಗಲಿ ಎಂದು ನಾನೊಂದು ತಿರುಗುಮಣೆ ಮಾಡಿದೆ. ಹಳೇ ಮೋಟಾರಿನ ಒಂದು ಬೇರಿಂಗ್ ಹಾಕಿದೆ. ಸಲೀಸಾಗಿ ತಿರುಗಿತು. ಆದರೆ ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೆ ಸೇರಲಿಲ್ಲ. ಹಲಸಿನ ಹಲಗೆಯೊಂದು ಹಾಳಾಯಿತು. ಅಪ್ಪ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಬೇಜಾರಾಯಿತು.

ಮಾಚೇನಹಳ್ಳಿಯಲ್ಲಿ ಲೇತ್ ಕೆಲಸ ಮಾಡುವ ನನ್ನ ಸೋದರಮಾವ ನೋಡಿ, "ಸಲೀಸಾಗಿ ತಿರುಗಿದ್ರೆ ಸಾಲಲ್ಲ ಕಣೋ, ಅಲ್ಲಾಡ್ದಂಗೆ ತಿರುಗ್ಬೇಕು" ಅಂದರು. ಅವರು ಕಲಿಸಿದ್ದು ಇದು.

1. ಭಾರ ಯಾವ ಕಡೆಯಿಂದ?
ಬೀಸೋ ಕಲ್ಲನ್ನು ನೆನೆಸಿಕೊಳ್ಳಿ. ಮೇಲಿನ ಕಲ್ಲಿನ ಭಾರ ಹೊರುವುದು ಕೆಳಗಿನ ಕಲ್ಲು. ಪಕ್ಕಕ್ಕೆ ಜಾರದಂತೆ ಹಿಡಿಯುವುದು ನಡುವಿನ ಗೂಟ. ತಿರುಗುಮಣೆಗೂ ಈ ಎರಡು ಕೆಲಸ ಆಗಬೇಕು. ಮೋಟಾರಿನ 6204 ಬಾಲ್ ಬೇರಿಂಗ್ ಮುಖ್ಯವಾಗಿ ಗೂಟದ ಕೆಲಸದ್ದು. 51104 ಥ್ರಸ್ಟ್ ಬೇರಿಂಗ್ ಕೆಳಗಿನ ಕಲ್ಲಿನ ಕೆಲಸದ್ದು. 30204 ಟೇಪರ್ ರೋಲರ್ ಎರಡನ್ನೂ ಮಾಡುತ್ತದೆ, ಆದರೆ ಮೇಲಿನ ಭಾರವನ್ನು ಒಂದೇ ದಿಕ್ಕಿನಿಂದ ತಡೆಯುತ್ತದೆ. ಆದ್ದರಿಂದ ಎರಡನ್ನು ಎದುರುಬದುರಾಗಿ ಹಾಕಬೇಕು.

2. ಎಷ್ಟು ದೂರ?
ಒಂದೊಂದು ಬೇರಿಂಗಿನಲ್ಲೂ ಶಾಫ್ಟ್ 0.02 ಮಿ.ಮೀ. ಅಲ್ಲಾಡುತ್ತದೆ ಎನ್ನಿ. ಎರಡು ಬೇರಿಂಗಿನ ನಡುವೆ 15 ಮಿ.ಮೀ. ದೂರವಿದ್ದರೆ, 300 ಮಿ.ಮೀ. ಅಗಲದ ಮಣೆಯ ಅಂಚು 0.4 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ದೂರ 60 ಮಿ.ಮೀ. ಆದರೆ ಬರೀ 0.1! ದುಬಾರಿ ಬೇರಿಂಗಿಗಿಂತ ದೂರವೇ ದೊಡ್ಡದು. ನಾನು ಒಂದೇ ಬೇರಿಂಗ್ ಹಾಕಿ ಕೆಟ್ಟೆ.

3. ಸಡಿಲ ಎಷ್ಟು?
ನನ್ನ ಬೇರಿಂಗಿನ ಮೇಲೆ 'ಸಿ3' ಎಂದಿತ್ತು. ಹಾಗೆಂದರೆ ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲ. ಬಿಸಿಯಾಗಿ ಹಿಗ್ಗುವ ಮೋಟಾರಿಗೆ ಅದು ಸರಿ, ನಮಗೆ ಬೇಡ. ಟೇಪರ್ ಬೇರಿಂಗಿನಲ್ಲಿ ನಟ್ಟು ಬಿಗಿ ಮಾಡಿ ಸಡಿಲ ತೆಗೆಯಬಹುದು. ಆಟ ನಿಂತ ಕೂಡಲೇ ನಿಲ್ಲಿಸಿ, ಇನ್ನೊಂದು ನಟ್ಟಿನಿಂದ ಬಂಧಿಸಿ. ಅತಿ ಬಿಗಿದರೆ ಬೇಗ ಸವೆಯುತ್ತದೆ.

4. ಕೂರಿಸುವುದು
ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನೇ ಒತ್ತಬೇಕು. ಹೊರಬಳೆಗೆ ಹೊಡೆದರೆ ಏಟು ಗುಂಡುಗಳ ಮೇಲೆ ಬಿದ್ದು ಗುಳಿಯಾಗುತ್ತದೆ.

5. ತಪ್ಪು ಯಾರದು?
ಅಂಚಿನ ಹತ್ತಿರ ಪೆನ್ಸಿಲ್ ಮೊನೆ ಹಿಡಿದು ಮಣೆ ತಿರುಗಿಸಿ. ಪ್ರತಿ ಸುತ್ತಿನಲ್ಲೂ ಅದೇ ಜಾಗ ಎದ್ದರೆ ಮಣೆಯೇ ಓರೆ. ಕೈಯಿಂದ ಒತ್ತಿದಾಗ ಮಾತ್ರ ಆಡಿದರೆ ಬೇರಿಂಗ್ ಸಡಿಲ. ನಮ್ಮದರಲ್ಲಿ ಎರಡೂ ಇತ್ತು! ಮಾವ ಮಣೆಯನ್ನು ಶಾಫ್ಟಿಗೆ ಕೂರಿಸಿಯೇ ಲೇತ್‌ನಲ್ಲಿ ಮಟ್ಟ ಮಾಡಿದರು.

ಈಗ 60 ಮಿ.ಮೀ. ಅಂತರದಲ್ಲಿ ಎರಡು 30204 ಇವೆ. ಮೊನ್ನೆ ಅಪ್ಪ ಎಡಗೈಯಲ್ಲಿ ಮಣೆ ತಿರುಗಿಸಿದರು. ಗೆರೆ ಹೊರಟಲ್ಲಿಗೇ ಬಂದು ಸೇರಿತು. "ಇನ್ನೊಂದು ಹಲಗೆ ತಾ" ಅಂದರು.

ನಿಮಗೊಂದು ಪ್ರಶ್ನೆ: 6204ರ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ 20 ಮಿ.ಮೀ. ಬರುತ್ತದೆ. ಹಾಗಾದರೆ 6206ರದು ಎಷ್ಟು?

— 9ನೇ ತರಗತಿ ವಿದ್ಯಾರ್ಥಿ

(ಉತ್ತರ: 30 ಮಿ.ಮೀ.)