ಲಕ್ವ ವಾಸಿಯಾದರೂ ಮಾತ್ರೆ ಬಿಡಬಾರದು



ಉತ್ತಮಪಾಳಯಂ, ಕಂಬಂ, ಚಿನ್ನಮನೂರು ಕಡೆಯ ನಮ್ಮ ಮನೆಗಳಲ್ಲಿ ಲಕ್ವ ಹೊಡೆದವರಿಗೆ ಮೊದಲ ತಿಂಗಳು ಆರೈಕೆಗೆ ಕೊರತೆಯಿಲ್ಲ. ಆದರೆ ಕೈ ಎತ್ತಲು ಬಂದು, ಕೋಲೂರಿಕೊಂಡು ದ್ರಾಕ್ಷಿ ತೋಟದವರೆಗೆ ನಡೆದರೆ ಸಾಕು, "ವಾಸಿಯಾಯಿತಲ್ಲ, ಇನ್ನೇಕೆ ಮಾತ್ರೆ?" ಎನ್ನುತ್ತೇವೆ. ಅಪಾಯ ಇಲ್ಲಿಯೇ ಇದೆ. ಒಮ್ಮೆ ಬಂದ ಲಕ್ವ ಮತ್ತೆ ಬರಬಹುದು. ಮೊದಲ ಸಲ ಉಳಿದ ಮಾತು, ನಡಿಗೆ ಎರಡನೆಯ ಸಲ ಹೋಗಬಹುದು.

ಲಕ್ವದಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳ ಹೆಪ್ಪಿನಿಂದ ಮುಚ್ಚುವುದು ಒಂದು. ಹೆಚ್ಚಿನವು ಈ ಬಗೆಯವೇ. ನಾಳ ಒಡೆದು ರಕ್ತ ಸುರಿಯುವುದು ಇನ್ನೊಂದು. ಸ್ಕ್ಯಾನ್ ಮಾಡಿಸಿದರೇ ಯಾವುದೆಂದು ಖಚಿತವಾಗುವುದು. ಆದ್ದರಿಂದ ನೆರೆಮನೆಯವರ ಚೀಟಿ ತೋರಿಸಿ ಮಾತ್ರೆ ಕೊಳ್ಳಬಾರದು.

ವೈದ್ಯರು ಬರೆಯುವ ಮಾತ್ರೆಗಳ ಕೆಲಸ ಹೀಗಿದೆ:

1. ಆಸ್ಪಿರಿನ್, ಕ್ಲೊಪಿಡೋಗ್ರೆಲ್: ನಾಳ ಮುಚ್ಚಿ ಬಂದ ಲಕ್ವದಲ್ಲಿ ಮತ್ತೆ ಹೆಪ್ಪುಗಟ್ಟದಂತೆ ತಡೆಯುತ್ತವೆ. ರಕ್ತಸ್ರಾವದ ಲಕ್ವದಲ್ಲಿ ಇವನ್ನು ತಾವಾಗಿಯೇ ತೆಗೆದುಕೊಂಡರೆ ಕೇಡಾದೀತು.

2. ಅಟೋರ್ವಾಸ್ಟಾಟಿನ್: ನಾಳದಲ್ಲಿ ಕೊಬ್ಬು ಕಟ್ಟುವುದನ್ನು ತಗ್ಗಿಸುತ್ತದೆ.

3. ರಕ್ತದೊತ್ತಡದ ಮಾತ್ರೆ: ಎರಡೂ ಬಗೆಯವರಿಗೆ ಮುಖ್ಯ. ತಲೆಸುತ್ತು, ತಲೆನೋವು ಇಲ್ಲವೆಂದ ಮಾತ್ರಕ್ಕೆ ಒತ್ತಡ ಇಳಿದಿದೆ ಎಂದಲ್ಲ; ಅಳೆದೇ ನೋಡಬೇಕು.

4. ಹೃದಯದ ಬಡಿತ ಏರುಪೇರಾದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಔಷಧ ಬೇಕಾಗುತ್ತದೆ. ಅದು ವಾರ್ಫರಿನ್ ಆದರೆ ಆಗಾಗ ರಕ್ತಪರೀಕ್ಷೆಯೂ ಬೇಕು.

1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರಿನಿಂದ ಗದ್ದೆ ಮಾಡುವ ನಮಗೆ ಒಂದು ಮಾತು ಗೊತ್ತು: ಕಾಲುವೆಯ ಹೂಳನ್ನು ಒಮ್ಮೆ ತೆಗೆದರೆ ಸಾಲದು. ರಕ್ತನಾಳವೂ ಹಾಗೆಯೇ.

ಖರ್ಚಿನ ಚಿಂತೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲಿ. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸಲೆಂದೇ ಹುಟ್ಟಿತು.

ಮನೆಯವರಿಗೆ ನಮ್ಮ ಬಿನ್ನಹ ಇಷ್ಟೇ. ಚೀಟಿ ಇಂಗ್ಲಿಷಿನಲ್ಲಿದ್ದರೆ ಓದುಬಲ್ಲ ಮಗ, ಸೊಸೆ, ಮೊಮ್ಮಗಳು ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮಾತ್ರೆ ಮುಗಿಯುವ ನಾಲ್ಕು ದಿನ ಮುಂಚೆಯೇ ತರಿಸಲಿ. ಹೊಟ್ಟೆಯುರಿ, ಕಪ್ಪು ಮಲ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ. ಬೀಡಿ, ಹೊಗೆಸೊಪ್ಪು ಬಿಡಿರಿ, ಉಪ್ಪು ತಗ್ಗಿಸಿರಿ.

ಕಾಯ ನೆಟ್ಟಗಿದ್ದರೆ ಕಾಯಕ. ಶರಣು.